ನಮ್ಮ ಚೆಸ್ ಟೂರ್ನಿಗೆ ಕಣ್ಣು ಕಾಣದ ಹುಡುಗಿ ಬರ್ತಿದ್ದಾಳೆ, ಏನೇನು ತಯಾರಿ ಮಾಡಬೇಕು?

ಕಾಲಾಳು_ಸಾಗರ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಮಳೆಗಾಲದಲ್ಲಿ ನಮ್ಮಲ್ಲಿ ಕಬಡ್ಡಿ, ವಾಲಿಬಾಲ್ ಎಲ್ಲ ನಿಂತುಹೋಗುತ್ತೆ. ಮಕ್ಕಳು ಒಳಗೆ ಕೂತು ಆಡೋದಕ್ಕೆ ಏನಾದರೂ ಬೇಕಲ್ಲ ಅಂತ ನಾವು ನಾಲ್ಕೈದು ಜನ ಗೆಳೆಯರು ಸೇರಿ ವರ್ಷಕ್ಕೊಂದು ಭಾನುವಾರ ಚೆಸ್ ಟೂರ್ನಿ ಮಾಡ್ತಾ ಬಂದಿದ್ದೇವೆ. ಆರು ರೌಂಡು, ಒಬ್ಬೊಬ್ಬರಿಗೆ 15 ನಿಮಿಷ. ಈಗೀಗ ತೊಂಬತ್ತು ಮಕ್ಕಳವರೆಗೂ ಬರ್ತಾರೆ.

ಮೊನ್ನೆ ಸಂಜೆ ಒಬ್ಬರು ಫೋನ್ ಮಾಡಿದರು. ಅಡಿಕೆ ಕೊನೆ ತೆಗೆಯೋ ಕೆಲಸ ಮಾಡುವವರು. "ಮೇಷ್ಟ್ರೇ, ನನ್ನ ಮಗಳು ಎಂಟನೇ ಕ್ಲಾಸು, ಚೆಸ್ ಆಡ್ತಾಳೆ, ಕರ್ಕೊಂಡು ಬರಬಹುದಾ?" ಅಂದರು. "ಧಾರಾಳವಾಗಿ ಬನ್ನಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅವಳಿಗೆ ಎರಡೂ ಕಣ್ಣು ಕಾಣಲ್ಲ. ಹೋದ ವರ್ಷ ಬೇರೆ ಕಡೆ ಹೋಗಿದ್ವಿ. ಫೀಸು ವಾಪಸ್ ಕೊಟ್ಟು ಕಳಿಸಿದ್ರು. ಅದಕ್ಕೇ ಈ ಸಲ ಮೊದಲೇ ಕೇಳ್ತಿದೀನಿ" ಅಂದರು.

ಬನ್ನಿ ಅಂತ ಹೇಳಿಯಾಗಿದೆ, ಆ ಮಾತು ಹಿಂದೆ ತಗೊಳ್ಳಲ್ಲ. ಆದರೆ ಹೇಗೆ ನಡೆಸಬೇಕು ಅನ್ನೋದು ಗೊತ್ತಿಲ್ಲ. ನಾನು ಪರೀಕ್ಷೆ ಪಾಸಾದ ಆರ್ಬಿಟರ್ (ಚೆಸ್ ತೀರ್ಪುಗಾರ) ಅಲ್ಲ. ಅವಳು ಆಡೋ ಬೋರ್ಡು ಯಾವುದು? ಎದುರಾಳಿಯ ನಡೆ ಅವಳಿಗೆ ಹೇಗೆ ತಿಳಿಯುತ್ತೆ? ಗಡಿಯಾರ ಯಾರು ಒತ್ತಬೇಕು? ಅವಳಿಗೆ ಅಂತ ಬೇರೆ ವಿಭಾಗ ಮಾಡಿ ಒಂದು ವಿಶೇಷ ಕಪ್ ಇಡೋಣ ಅಂತ ಗೆಳೆಯರೊಬ್ಬರು ಹೇಳ್ತಿದ್ದಾರೆ. ಅದು ಸರಿಯಾ?

ಇನ್ನೊಂದು ವಿಷಯ ಮನಸ್ಸಿನಲ್ಲಿ ಕೊರೀತಾ ಇದೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗ ಗಾಲಿಕುರ್ಚಿಯಲ್ಲಿ ಬಂದಿದ್ದ. ಆಗ ನಮ್ಮ ಆಟ ಮಹಡಿ ಮೇಲೆ. ನಾಲ್ಕು ಜನ ಕುರ್ಚಿ ಸಮೇತ ಎತ್ತಿಕೊಂಡು ಹೋದೆವು, ದೊಡ್ಡ ಉಪಕಾರ ಮಾಡಿದೆವು ಅಂದುಕೊಂಡೆವು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೆಳಗಿಳಿದರು, ಅವನೊಬ್ಬ ಮೇಲೇ ಉಳಿದ. ಬೆಳಗ್ಗೆಯಿಂದ ಸಂಜೆವರೆಗೆ ಒಂದು ತೊಟ್ಟು ನೀರು ಕುಡಿಯಲಿಲ್ಲ. ಶೌಚಾಲಯ ಕೆಳಗಿತ್ತು. ಕೇಳೋದಕ್ಕೆ ಸಂಕೋಚಪಟ್ಟು ಬಾಯಿ ಕಟ್ಟಿಕೊಂಡು ಕೂತಿದ್ದ. ಅದು ನನಗೆ ಗೊತ್ತಾಗಿದ್ದು ಅವನು ಹೊರಟ ಮೇಲೆ. ಮರುವರ್ಷ ಅವನು ಬರಲಿಲ್ಲ. ಈಗ ಆಟ ನೆಲಮಹಡಿಯ ಹಾಲ್‌ಗೆ ಬಂದಿದೆ. ಶೀಟಿನ ಮಾಡು, ಬಾಗಿಲಿಗೆ ಎರಡು ಮೆಟ್ಟಿಲು. ಇನ್ನು ಮೂರು ವಾರ ಇದೆ. ಗೊತ್ತಿರೋರು ದಯವಿಟ್ಟು ಹೇಳಿ.

ಬೆರಳತುದಿ

ಮೇಷ್ಟ್ರೇ, ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಊರು ಶಿವಮೊಗ್ಗದ ಹತ್ತಿರ, ಈಗ ಬೆಂಗಳೂರಲ್ಲಿ ಬ್ಯಾಂಕ್ ಕೆಲಸ. ಇಪ್ಪತ್ತು ವರ್ಷದಿಂದ ಆಡ್ತಿದ್ದೇನೆ. ನಿಮ್ಮ ಪೋಸ್ಟನ್ನು ಸ್ಕ್ರೀನ್ ರೀಡರ್ (ಪರದೆ ಮೇಲಿನ ಬರಹ ಓದಿ ಹೇಳುವ ಸಾಫ್ಟ್‌ವೇರ್) ಓದಿ ಮುಗಿಸಿದ ಮೇಲೆ ಇನ್ನೊಂದು ಸಲ ಓದಿಸಿಕೊಂಡೆ.

ಬೋರ್ಡಿನ ಚಿಂತೆ ಬಿಡಿ, ಆಡೋ ಹುಡುಗಿ ಅಂದಮೇಲೆ ಅವಳ ಹತ್ತಿರ ಇರುತ್ತೆ. ಆದರೂ ಹೇಗಿರುತ್ತೆ ಅಂತ ಹೇಳ್ತೀನಿ. ಕಪ್ಪು ಮನೆಗಳು ಸ್ವಲ್ಪ ಎತ್ತರ, ಬಿಳಿ ಮನೆಗಳು ತಗ್ಗು. ಪ್ರತಿ ಮನೆ ನಡುವೆ ಒಂದು ತೂತು. ಪ್ರತಿ ಕಾಯಿ ಅಡಿಗೆ ಒಂದು ಗೂಟ, ಅದು ತೂತಿಗೆ ಕೂರುತ್ತೆ, ಹಾಗಾಗಿ ಕೈ ಆಡಿಸಿದರೆ ಕಾಯಿ ಬೀಳಲ್ಲ. ಕಪ್ಪು ಕಾಯಿಗಳ ತಲೆ ಮೇಲೆ ಬೆರಳಿಗೆ ಸಿಗೋ ಒಂದು ಗುರುತು. ನನ್ನ ಮೊದಲ ಬೋರ್ಡಿನಲ್ಲಿ ಅದು ಗುಂಡುಪಿನ್ನಿನ ತಲೆಯಷ್ಟಿತ್ತು. ಎದುರಾಳಿ ತನ್ನ ಮಾಮೂಲಿ ಬೋರ್ಡಿನಲ್ಲೇ ಆಡ್ತಾನೆ. ಅಂದರೆ ಒಂದು ಆಟಕ್ಕೆ ಎರಡು ಬೋರ್ಡು. ಅದಕ್ಕೆ ತಕ್ಕ ಉದ್ದದ ಮೇಜು ಹಾಕಿ.

ಈಗ ಒಂದು ಮುಖ್ಯ ವಿಷಯ. ಚೆಸ್ಸಿನಲ್ಲಿ ಮುಟ್ಟಿದ ಕಾಯನ್ನೇ ನಡೆಸಬೇಕು ಅಂತ ನಿಯಮ. ಆದರೆ ನಾವು ಬೆರಳಿನಿಂದ ನೋಡ್ತೀವಿ. ಎದುರಾಳಿ ಯೋಚಿಸುವಾಗಲೂ ನನ್ನ ಎರಡೂ ಕೈ ಬೋರ್ಡಿನ ಮೇಲೆ ಓಡಾಡ್ತಾ ಇರುತ್ತೆ, ಆನೆ ತಲೆ ಸವರಿ, ಪದಾತಿ ಸಾಲು ಎಣಿಸಿ, ಮತ್ತೆ ರಾಜನ ಹತ್ತಿರ ಬಂದು. ನನಗೆ ಹದಿನಾರು ವಯಸ್ಸಿದ್ದಾಗ ಒಂದು ಓಪನ್ ಟೂರ್ನಿಯಲ್ಲಿ ಎದುರು ಕೂತವರು "ಮಂತ್ರಿ ಮುಟ್ಟಿದ, ನಡೆಸಬೇಕು" ಅಂತ ಕೂಗಿದರು. ಟೂರ್ನಿ ನಡೆಸುತ್ತಿದ್ದವರಿಗೂ ನಮ್ಮ ನಿಯಮ ಗೊತ್ತಿರಲಿಲ್ಲ, ನಡೆಸು ಅಂದರು. ನಡೆಸಿದೆ. ಮಂತ್ರಿ ಹೋಯಿತು, ಆಟವೂ ಹೋಯಿತು. ಆವತ್ತು ಬಸ್ಸಿನಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು. ಆಮೇಲೆ ಗೊತ್ತಾಯಿತು, ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ನಿಯಮದಲ್ಲೇ ಬರೆದಿದೆ: ನಮ್ಮ ಬೋರ್ಡಿನಲ್ಲಿ ಕಾಯಿ ತೂತಿನಿಂದ ಮೇಲೆ ಬಂದರೆ ಮಾತ್ರ ಅದು 'ಮುಟ್ಟಿದ' ಹಾಗೆ. ಮೊದಲ ರೌಂಡಿಗೆ ಮುಂಚೆ ಇದನ್ನು ಎಲ್ಲ ಮಕ್ಕಳಿಗೂ ಮೈಕಿನಲ್ಲಿ ಹೇಳಿ. ಅವಳೊಬ್ಬಳಿಗೆ ಹೇಳಿದರೆ ಉಪಯೋಗ ಇಲ್ಲ.

ನಡೆ ತಿಳಿಸೋದು ಬಾಯಿಂದ. ಎದುರಾಳಿ ಹೇಳ್ತಾನೆ, ಇವಳು ಅದನ್ನೇ ತಿರುಗಿ ಹೇಳಿ ತನ್ನ ಬೋರ್ಡಿನಲ್ಲಿ ನಡೆಸ್ತಾಳೆ. ಇವಳ ನಡೆಗೂ ಹಾಗೇ. ಬೋರ್ಡಿನ ಉದ್ದ ಸಾಲುಗಳಿಗೆ ಎ ಇಂದ ಎಚ್ ಅಂತ ಅಕ್ಷರ, ಅಡ್ಡ ಸಾಲುಗಳಿಗೆ 1ರಿಂದ 8 ಅಂತ ಅಂಕಿ, ಎರಡೂ ಸೇರಿ ಮನೆಯ ಹೆಸರು. ತೊಂದರೆ ಏನಂದರೆ ಬಿ, ಸಿ, ಡಿ, ಇ, ಜಿ ಎಲ್ಲ ಕಿವಿಗೆ ಒಂದೇ ಥರ. ಒಂದು ಸಲ ಎದುರಾಳಿಯ ಕುದುರೆ ಸಿ3ಯಲ್ಲಿತ್ತು. ಅವನು 'ಡಿ5' ಅಂದ, ನನಗೆ ಕೇಳಿದ್ದು 'ಬಿ5'. ಎರಡೂ ಮನೆಗೆ ಅದು ಹೋಗಬಹುದು, ಎರಡೂ ಕಡೆಯಿಂದ ಸಿ7ರ ಮೇಲೆ ಕಣ್ಣಿಡುತ್ತೆ, ನನಗೆ ಅನುಮಾನವೇ ಬರಲಿಲ್ಲ. ನಾಲ್ಕು ನಡೆ ಆದಮೇಲೆ 'ಕುದುರೆ ಎಫ್6' ಅಂದಾಗ ನನ್ನ ಬೋರ್ಡಿನ ಕುದುರೆಗೆ ಅಲ್ಲಿಗೆ ದಾರಿಯೇ ಇಲ್ಲ!

ಇದಕ್ಕೇ ನಿಯಮದಲ್ಲಿ ಅಕ್ಷರಕ್ಕೊಂದು ಹೆಸರು ಕೊಟ್ಟಿದ್ದಾರೆ: ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಈವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್. ನಾನು ಊರ ಮಕ್ಕಳಿಗೆ ಹೇಳಿಕೊಟ್ಟಾಗ ಮೊದಲ ಎರಡು ಹೆಸರು ಕ್ಷಣದಲ್ಲೇ ಅವರ ಬಾಯಿಗೆ ಬಂದವು, ಅನ್ನ ಮತ್ತು ಬೆಲ್ಲ ಅಲ್ವಾ! "ಒಂಟೆ ಬೆಲ್ಲ ಐದು" ಅಂದರೆ ಮತ್ತೆ ಕೇಳೋ ಹಾಗೇ ಇಲ್ಲ. ಅಂಕಿಗಳು ನಿಯಮದ ಪ್ರಕಾರ ಜರ್ಮನ್ ಭಾಷೆಯಲ್ಲಿವೆ, ಆದರೆ ಬೇರೆ ಭಾಷೆ ಇಟ್ಟುಕೊಳ್ಳೋ ಅಧಿಕಾರ ಆರ್ಬಿಟರ್‌ಗೆ ಇದೆ. ಒಂದು, ಎರಡು, ಮೂರು ಅಂತಲೇ ಹೇಳಿಸಿ. ಎಂಟು ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಎದುರಾಳಿ ಕಡೆ ಮೇಜಿಗೆ ಅಂಟಿಸಿ.

ಸಮಯ. ಹೇಳಿ, ಕೇಳಿ, ನಡೆಸಿ, ಬರೆಯೋದಕ್ಕೆ ಪ್ರತಿ ನಡೆಗೂ ಕೆಲವು ಸೆಕೆಂಡು ಹೋಗುತ್ತೆ. ಬರೀ 15 ನಿಮಿಷ ಇಟ್ಟರೆ ಅವಳು ಗೆಲ್ಲೋ ಆಟವನ್ನೂ ಗಡಿಯಾರಕ್ಕೆ ಸೋಲ್ತಾಳೆ. ನಡೆಗೆ ಹತ್ತು ಸೆಕೆಂಡು ಸೇರಿಸಿ, ಅವಳಿಗೊಬ್ಬಳಿಗೇ ಅಲ್ಲ, ಇಡೀ ಟೂರ್ನಿಗೆ. 60 ನಡೆಯ ಆಟ ಅಂದರೂ ಒಬ್ಬರಿಗೆ 25 ನಿಮಿಷ, ರೌಂಡಿಗೆ 50. ಆರು ರೌಂಡಿಗೆ ಐದು ಗಂಟೆ. ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಶುರು ಮಾಡಿದರೆ ಸಂಜೆಯ ಬಸ್ ತಪ್ಪಲ್ಲ.

ಕಪ್ ಮಾತ್ರ ದಯವಿಟ್ಟು ಬೇಡ. ನನ್ನ ಮನೆಯಲ್ಲಿ ಅಂಥ ಮೂರು ಕಪ್ ಇವೆ, ಒಂದನ್ನೂ ನಾನು ಆಡಿ ಗೆದ್ದಿಲ್ಲ. ಸುಮ್ಮನೆ ಬಂದಿದ್ದಕ್ಕೆ ಕೊಟ್ಟಿದ್ದು. ಚೆಸ್ಸಿನಲ್ಲಿ ನಾವು ನಿಮ್ಮ ಜೊತೆ ಒಂದೇ ಪೇರಿಂಗ್‌ನಲ್ಲಿ (ಯಾರಿಗೆ ಯಾರು ಎದುರಾಳಿ ಅನ್ನೋ ಜೋಡಿ ಪಟ್ಟಿಯಲ್ಲಿ) ಕೂತು ಆಡಬಹುದು, ಅಂಥ ಆಟಗಳು ಎಷ್ಟಿವೆ ಹೇಳಿ? ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿ 2018ರಲ್ಲಿ ಜಕಾರ್ತಾದ ಏಷ್ಯನ್ ಪ್ಯಾರಾ ಗೇಮ್ಸ್‌ನಲ್ಲಿ ಅಲ್ಪ ದೃಷ್ಟಿಯವರ ವಿಭಾಗದಲ್ಲಿ ಚಿನ್ನ ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ಪೂರ್ತಿ ದೃಷ್ಟಿ ಇಲ್ಲದವರ ವಿಭಾಗದ ಚಿನ್ನ, ಬೆಳ್ಳಿ, ಕಂಚು ಮೂರೂ ಭಾರತಕ್ಕೇ ಬಂತು, ಚಿನ್ನ ದರ್ಪಣ್ ಇನಾನಿಗೆ. ಆ ಹುಡುಗಿಗೆ ಈ ಹೆಸರುಗಳನ್ನು ಹೇಳಿ. ಮನೆಯಲ್ಲಿ ಫೋನೋ ಕಂಪ್ಯೂಟರೋ ಇದ್ದರೆ ಲಿಚೆಸ್ ಅನ್ನೋ ಚೆಸ್ ಆಡುವ ಜಾಲತಾಣದಲ್ಲಿ ಸ್ಕ್ರೀನ್ ರೀಡರ್‌ಗೆ ಅಂತಲೇ ಒಂದು ಬಗೆ ಇದೆ, ದುಡ್ಡು ಬೇಡ, ದಿನಾ ಆಡಬಹುದು.

ಗಡಿಯಾರ64

ನಾನು ಆರ್ಬಿಟರ್, ಉಡುಪಿ ಕಡೆಯವನು. ಮೇಲಿನವರು ಹೇಳಿದ್ದೆಲ್ಲ ಫಿಡೆ ನಿಯಮಾವಳಿಯ ಅನುಬಂಧ ಡಿಯಲ್ಲಿ ಇದೆ. ಎರಡು ಪುಟಕ್ಕಿಂತ ಹೆಚ್ಚಿಲ್ಲ, ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ. ಸ್ಥಳದ ಅನುಕೂಲಕ್ಕೆ ತಕ್ಕಂತೆ, ಆರ್ಬಿಟರ್ ಜೊತೆ ಮಾತಾಡಿ ಸಂಘಟಕರು ಹೊಂದಿಸಿಕೊಳ್ಳಬಹುದು ಅಂತ ಅದರ ಮೊದಲಲ್ಲೇ ಹೇಳಿದೆ, ಹಾಗಾಗಿ ಹೆದರಬೇಡಿ.

ಸಹಾಯಕರ ಬಗ್ಗೆ ಸೇರಿಸ್ತೀನಿ. ದೃಷ್ಟಿ ಇಲ್ಲದ ಆಟಗಾರ್ತಿಗೆ ಸಹಾಯಕರನ್ನು ಇಟ್ಟುಕೊಳ್ಳುವ ಹಕ್ಕಿದೆ. ಅವರು ಇಬ್ಬರ ನಡೆಯನ್ನೂ ಹೇಳಬಹುದು, ಎದುರು ಬೋರ್ಡಿನಲ್ಲಿ ನಡೆಸಬಹುದು, ನಡೆ ಬರೆದುಕೊಳ್ಳಬಹುದು, ಗಡಿಯಾರ ಒತ್ತಬಹುದು. ಅವಳು ಕೇಳಿದರೆ ಎಷ್ಟು ನಡೆ ಆಯ್ತು, ಎಷ್ಟು ಸಮಯ ಹೋಯ್ತು ಅಂತ ಹೇಳಬಹುದು. ಎದುರಾಳಿಯ ಸಮಯ ಮುಗಿದರೆ ಅವಳ ಪರವಾಗಿ ಗೆಲುವು ಕೇಳಬಹುದು. ಅದಕ್ಕಿಂತ ಒಂದು ಮಾತು ಹೆಚ್ಚು ಆಡಬಾರದು. ತಂದೆಯನ್ನೋ ಕೋಚನ್ನೋ ಕೂರಿಸಬೇಡಿ. ತಪ್ಪು ನಡೆ ಕಂಡಾಗ ಉಸಿರು ಎಳೆದುಕೊಂಡರೂ ಸಾಕು, ಮಕ್ಕಳಿಗೆ ಗೊತ್ತಾಗಿಬಿಡುತ್ತೆ. ಮನೆಗಳ ಹೆಸರು ಬಲ್ಲ, ಆದರೆ ಆಟ ಅಷ್ಟಾಗಿ ಗೊತ್ತಿಲ್ಲದವರು ಒಳ್ಳೇದು. ಅವಳ ಹತ್ತಿರ ಸಹಾಯಕರು ಇಲ್ಲದಿದ್ದರೆ ಕಣ್ಣು ಕಾಣುವ ಎದುರಾಳಿ ಒಬ್ಬರನ್ನು ಇಟ್ಟುಕೊಳ್ಳಬಹುದು. ಕಿವಿ ಕೇಳದ ಆಟಗಾರನ ಜೊತೆ ಪೇರಿಂಗ್ ಬಂದರಂತೂ ಸಹಾಯಕರು ಇರಲೇಬೇಕು, ಅದು ನಿಯಮ.

ಎರಡು ಬೋರ್ಡಿನ ಸ್ಥಿತಿ ಬೇರೆಯಾದರೆ ಇಬ್ಬರ ನಡೆ ಹಾಳೆ ನೋಡಿ. ಹಾಳೆಗಳು ಒಂದೇ ಇದ್ದರೆ, ಸರಿ ಬರೆದು ತಪ್ಪು ನಡೆಸಿದವರು ತಮ್ಮ ಬೋರ್ಡ್ ತಿದ್ದಿಕೊಳ್ಳಬೇಕು. ಹಾಳೆಗಳೂ ಬೇರೆ ಬೇರೆ ಇದ್ದರೆ ಎಲ್ಲಿವರೆಗೆ ಹೊಂದುತ್ತೋ ಅಲ್ಲಿಗೆ ಹಿಂದೆ ಹೋಗಿ, ಗಡಿಯಾರವನ್ನೂ ಅದಕ್ಕೆ ಸರಿಯಾಗಿ ತಿದ್ದಿ. ಅವಳು ಬ್ರೈಲ್‌ನಲ್ಲಿ ಬರೆಯಬಹುದು, ರೆಕಾರ್ಡರ್‌ನಲ್ಲಿ ಹೇಳಿಟ್ಟುಕೊಳ್ಳಲೂಬಹುದು.

ಗಾಲಿಕುರ್ಚಿಯ ಹುಡುಗನ ಕೈಗೆ ತೊಂದರೆ ಇದ್ದರೆ 4.9ನೇ ನಿಯಮ ನೋಡಿ, ಕಾಯಿ ನಡೆಸಲು ಸಹಾಯಕರನ್ನು ಕೊಡಬಹುದು. ನಡೆ ಬರೆಯಲಾಗದವರಿಗೆ ಬೇರೆಯವರು ಬರೆದುಕೊಟ್ಟರೆ ಸಾಮಾನ್ಯವಾಗಿ ಗಡಿಯಾರದಲ್ಲಿ ಸ್ವಲ್ಪ ಸಮಯ ಕಳೀತಾರೆ. ಅಂಗವೈಕಲ್ಯ ಇರುವವರಿಗೆ ಹಾಗೆ ಕಳೆಯುವಂತಿಲ್ಲ.

ಒಂದು ಸಲಹೆ: ಜೋರಾಗಿ ನಡೆ ಹೇಳೋದರಿಂದ ಅಕ್ಕಪಕ್ಕದ ಮಕ್ಕಳಿಗೆ ತೊಂದರೆ ಆಗುತ್ತೆ. ಪಕ್ಕದ ಒಂದು ಕೋಣೆಯಲ್ಲಿ ಅವಳ ಮೇಜು ಹಾಕಿದರೆ ಎಲ್ಲರಿಗೂ ಅನುಕೂಲ.

ಬೆರಳತುದಿ

ಗಡಿಯಾರ64 ಸರ್, ಉಳಿದದ್ದೆಲ್ಲ ಒಪ್ಪಿದೆ, ಕೋಣೆ ಮಾತು ಮಾತ್ರ ಒಪ್ಪಲ್ಲ. ಅಂಥ ಕೋಣೆಗಳಲ್ಲಿ ನಾನು ಆಡಿದ್ದೇನೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ಬೀರುಗಳ ನಡುವೆ ಮೇಜು ಹಾಕಿದ್ದರು. ಎದುರಾಳಿಗೆ ಅದು ಶಿಕ್ಷೆ ಥರ, ಬೇಗ ಮುಗಿಸಿ ಹೋಗೋ ಆತುರ. ನಾನು ಗೆದ್ದಿದ್ದು ಫಲಿತಾಂಶದ ಹಾಳೆಗೆ ಬರೋ ಹೊತ್ತಿಗೆ ಮುಂದಿನ ಪೇರಿಂಗ್ ಆಗಿಹೋಗಿತ್ತು.

ಟೂರ್ನಿ ಅಂದರೆ ನನಗೆ ಆ ಹಾಲ್‌ನ ಸದ್ದು. ಕುರ್ಚಿ ಎಳೆಯೋದು, ಗಡಿಯಾರಗಳ ಟಪ್ ಟಪ್, ಯಾರೋ ಸೋತು ಕಾಯಿ ಡಬ್ಬಕ್ಕೆ ಸುರಿಯೋದು. ಅದನ್ನು ಕೇಳಿಸಿಕೊಂಡೇ ನನಗೆ ಹುರುಪು ಬರೋದು. ಸಾಲಿನ ಕೊನೆಗೆ, ಗೋಡೆ ಪಕ್ಕ ಮೇಜು ಹಾಕಿ, ಅದರ ಪಕ್ಕದ ಒಂದು ಮೇಜು ಖಾಲಿ ಬಿಡಿ. ಆರೂ ರೌಂಡು ಅವಳು ಅಲ್ಲೇ ಕೂರಲಿ, ಎದುರಾಳಿಗಳು ಬರಲಿ. ಪಿಸುಮಾತಿಗಿಂತ ಸ್ವಲ್ಪ ಮೇಲಿನ ದನಿ ಸಾಕು. ಹಿಂದಿನ ಸಂಜೆಯೇ ಅವಳನ್ನು ಕರೆಸಿ, ಬಾಗಿಲಿಂದ ಮೇಜಿಗೆ, ಮೇಜಿಂದ ನೀರಿನ ಕ್ಯಾನ್‌ಗೆ, ಶೌಚಾಲಯಕ್ಕೆ ಒಂದೊಂದು ಸಲ ನಡೆಸಿ ತೋರಿಸಿ.

ಗಡಿಯಾರ64

ಒಪ್ಪಿದೆ. ನಾನು ಅಕ್ಕಪಕ್ಕದವರ ಕಡೆಯಿಂದ ಯೋಚಿಸಿದ್ದೆ, ಕೋಣೆಯೊಳಗೆ ಕೂತವರ ಕಡೆಯಿಂದ ಅಲ್ಲ.

ಮೂರುಮೆಟ್ಟಿಲು_ಧಾರವಾಡ

ಸರ್, ಆ ಹುಡುಗ ಮುಂಜಾನಿಂದ ನೀರು ಕುಡೀಲಿಲ್ಲ ಅಂತ ಬರದೀರಲ್ಲ, ಅದನ್ನ ಓದಿ ಭಾಳ ಹೊತ್ತು ಸುಮ್ನ ಕುಂತೆ. ನಾನೂ ಗಾಲಿಕುರ್ಚಿಯಾಕಿ. ಟೂರ್ನಿ ಇದ್ದ ದಿನ ಹಿಂದಿನ ರಾತ್ರಿಯಿಂದನ ನೀರು ಕಡಿಮಿ ಮಾಡ್ತಿದ್ದೆ. ನಾಲ್ಕನೇ ರೌಂಡಿಗೆ ತಲಿ ನೋವು ಶುರು ಆಗೂದು, ಕಣ್ಣೆದುರಿನ ಕುದುರಿ ಕಾಣ್ತಿದ್ದಿಲ್ಲ. ಮಂದಿ 'ಈಕಿ ಕಡೀಕ ಕಡೀಕ ಸೋಲ್ತಾಳ' ಅಂತಿದ್ರು.

ಎರಡು ಮೆಟ್ಟಿಲಿಗೆ ಹಲಗಿ ಇಡತೇವಿ ಅಂತ ಮಾಡಬ್ಯಾಡ್ರಿ, ಕಡಿದಾಗತದ, ಕುರ್ಚಿ ಹಿಂದಕ್ಕ ಮಗಚತದ. ಒಂದು ಅಡಿ ಎತ್ತರಕ್ಕ ಹನ್ನೆರಡು ಅಡಿ ಉದ್ದ, ಇದು ಲೆಕ್ಕ. ನಿಮ್ಮ ಎರಡು ಮೆಟ್ಟಿಲು ಆರಾರು ಇಂಚು ಇದ್ರ ಹನ್ನೆರಡು ಅಡಿ ರ‍್ಯಾಂಪ್ ಬೇಕು. ಮಳಿಗಾಲ, ಜಾರದಂಗ ಮ್ಯಾಲೆ ಏನರೆ ಹಾಕ್ರಿ. ಮೇಜಿನ ಕೆಳಗ ಅಡ್ಡ ಪಟ್ಟಿ ಇದ್ರ ಮೊಣಕಾಲು ಬಡೀತಾವು. ಬೆಂಚು ಡೆಸ್ಕು ಕೂಡೇ ಇದ್ದದ್ದಂತೂ ನಮಗ ಬರೂದಿಲ್ಲ. ಶೌಚಾಲಯದ ಬಾಗಲಾ 90 ಸೆಂ.ಮೀ. ಅಗಲ ಇರಲಿ, ಹೊಸ್ತಿಲ ಇರಬಾರದು.

ಇನ್ನ ಎತ್ತೂದು. ನಮ್ಮನ್ನ ಕೇಳಲಾರದ ಯಾರೂ ಎತ್ತಬಾರದ್ರಿ. ತಿರುಚನಾಪಳ್ಳಿಯ ಜೆನಿತಾ ಆಂಟೋ ಗಾಲಿಕುರ್ಚಿಯೊಳಗ ಕುಂತು 2018ರಾಗ ಜಕಾರ್ತಾದಾಗ ಚಿನ್ನ ತಂದಾರ. ಆಡಾಕ ಬಂದವರನ್ನ ಆಟಗಾರರ ಹಂಗ ನೋಡ್ರಿ. ಆ ಹುಡುಗಗ ನೀವ ಒಂದು ಫೋನ್ ಮಾಡ್ರಿ ಸರ್.

ಕಾಲಾಳು_ಸಾಗರ

ಟೂರ್ನಿ ಹೋದ ಭಾನುವಾರ ಆಯಿತು. ನಡೆದಿದ್ದನ್ನು ಬರೀತೀನಿ.

ಹುಡುಗಿ ಶನಿವಾರ ಸಂಜೆಯೇ ಬಂದಳು, ಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು. ಮೇಜಿನ ಅಂಚು ಮುಟ್ಟಿ ನೋಡಿ, "ಸರ್, ಎದುರಿನವರಿಗೆ ಬೆಳಕು ಬೀಳುತ್ತಾ?" ಅಂತ ಕೇಳಿದಳು. ಗೋಡೆ ಪಕ್ಕದ ಆ ಮೂಲೆಗೆ ಬಲ್ಬ್ ಇಲ್ಲದ್ದು ನಮ್ಮ ಯಾರ ಗಮನಕ್ಕೂ ಬಂದಿರಲಿಲ್ಲ. ರಾತ್ರಿ ಒಂದು ಟ್ಯೂಬ್‌ಲೈಟ್ ಎಳೆಸಿದೆ. ಸಹಾಯಕ್ಕೆ ನಮ್ಮೂರಿನ ಬಿ.ಎಡ್. ಓದುವ ಒಬ್ಬಳು ಹುಡುಗಿ ಒಪ್ಪಿದಳು. ಇಬ್ಬರೂ ಒಂದು ಗಂಟೆ 'ಅನ್ನ, ಬೆಲ್ಲ, ಸೀಸರ್' ಅಂತ ಅಭ್ಯಾಸ ಮಾಡಿದರು.

ಮೊದಲ ರೌಂಡಿನಲ್ಲಿ ಎದುರಿಗೆ ಆರನೇ ಕ್ಲಾಸಿನ ಹುಡುಗ. ನಾಚಿಕೆಗೆ ಅವನ ಬಾಯಿಂದ ದನಿಯೇ ಬರ್ತಿಲ್ಲ. ಇವಳೇ "ಹೆದರಬೇಡ, ಸ್ವಲ್ಪ ಜೋರಾಗಿ ಹೇಳು" ಅಂದಳು. ಹತ್ತು ನಡೆ ಆಗೋ ಹೊತ್ತಿಗೆ ಅವನು "ಕುದುರೆ ಫೆಲಿಕ್ಸ್ ಮೂರು" ಅಂತ ಪಾಠ ಒಪ್ಪಿಸೋ ಹಾಗೆ ಹೇಳ್ತಿದ್ದ. ಅವಳ ಎಡಗೈ ತೋರುಬೆರಳು ಅವನ ರಾಜನ ತಲೆ ಮೇಲೆ ನಿಂತೇ ಇತ್ತು, ಬಲಗೈ ಮಾತ್ರ ಓಡಾಡ್ತಿತ್ತು. ಆ ಬೆರಳು ಅಲ್ಲಿಂದ ಎದ್ದಿದ್ದು "ಚೆಕ್‌ಮೇಟ್" ಅಂದಮೇಲೆ.

ನಾಲ್ಕನೇ ರೌಂಡಿಗೆ ಮಳೆ ಬಂತು. ಶೀಟಿನ ಮೇಲೆ ನಮ್ಮ ಮಲೆನಾಡಿನ ಮಳೆ ಅಂದರೆ ಗೊತ್ತಲ್ಲ, ಪಕ್ಕದವರ ಮಾತೂ ಕೇಳಲ್ಲ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಎರಡು ಸಲ ನಡೆ ತಪ್ಪು ಕೇಳಿಸಿತು, ಅವಳ ಮುಖ ಬಾಡಿತು. ಗಡಿಯಾರ ನಿಲ್ಲಿಸಿದೆ. ಸಹಾಯಕ ಹುಡುಗಿ ಕುರ್ಚಿ ಎಳೆದುಕೊಂಡು ಅವಳ ಕಿವಿ ಪಕ್ಕ ಕೂತಳು. ಆಮೇಲೆ ಸರಿಹೋಯಿತು, ಆದರೆ ಆ ಆಟ ಅವಳು ಸೋತಳು. ಸೋಲಿನಲ್ಲಿ ಮಳೆಯ ಪಾಲು ಎಷ್ಟು ಅಂತ ನನಗೆ ಈಗಲೂ ನೋವಿದೆ. ಮುಂದಿನ ವರ್ಷ ಹೆಂಚಿನ ಮಾಡಿನ ಕಟ್ಟಡ ಹುಡುಕ್ತೀನಿ.

ಆರರಲ್ಲಿ ಮೂರು ಪಾಯಿಂಟು. ಕಪ್ ಕೊಡಲಿಲ್ಲ. ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರು ಎಷ್ಟನೇ ಸಾಲಿನಲ್ಲಿದೆ ಅಂತ ಅವಳ ಅಪ್ಪ ಬೆರಳಿಟ್ಟು ಎಣಿಸಿ ಅವಳಿಗೆ ಹೇಳಿದರು.

ಧಾರವಾಡದ ಅಕ್ಕಾ, ಆ ಹುಡುಗನಿಗೆ ಫೋನ್ ಮಾಡಿದೆ. ಈಗ ಡಿಪ್ಲೊಮಾ ಓದ್ತಿದ್ದಾನೆ. ಮೊದಲು ಕ್ಷಮೆ ಕೇಳಿದೆ. ರ‍್ಯಾಂಪ್ ಮಾಡಿಸ್ತಿದ್ದೇನೆ, ಹನ್ನೆರಡು ಅಡಿ, ಅಂದೆ. "ಟಾಯ್ಲೆಟ್ ಸರ್?" ಅಂತ ಕೇಳಿದ. ನಮ್ಮ ಶೌಚಾಲಯಕ್ಕೆ ಹೊಸ್ತಿಲಿದೆ, ಬಾಗಿಲು ಟೇಪಿನಲ್ಲಿ ಅಳೆದರೆ 70 ಸೆಂ.ಮೀ. ಮೂರು ವಾರದಲ್ಲಿ ಅದು ಆಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹಾಗಾದರೆ ಅದು ಆದಮೇಲೆ ಬರ್ತೀನಿ ಸರ್" ಅಂದ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆ ಬರುವ ಬುಧವಾರ ಇದೆ, ಮೇಸ್ತ್ರಿಯಿಂದ ಲೆಕ್ಕ ಬರೆಸಿಟ್ಟುಕೊಂಡಿದ್ದೇನೆ.

ನಿನ್ನೆ ಹೊಸನಗರ ಕಡೆಯಿಂದ ಇನ್ನೊಂದು ಫೋನ್ ಬಂತು. ಅಣ್ಣ ತಂಗಿ, ಇಬ್ಬರಿಗೂ ದೃಷ್ಟಿ ಇಲ್ಲ, ಆಟ ಕಲಿಯೋ ಆಸೆ ಇದೆ, ಬೋರ್ಡ್ ಇಲ್ಲ. ಗೂಟದ ಬೋರ್ಡ್ ಯಾರ ಹತ್ತಿರವಾದರೂ ಉಪಯೋಗಿಸದೆ ಇದ್ದರೆ ಇಲ್ಲಿ ತಿಳಿಸಿ. ಬಸ್ಸಿನಲ್ಲಿ ಹಾಕಿದರೂ ಸರಿ, ಶಿವಮೊಗ್ಗ ಬಸ್ ಸ್ಟ್ಯಾಂಡಿಗೆ ನಾನೇ ಬಂದು ತಗೊಂಡು ಹೋಗ್ತೀನಿ.